ಅಬು ಹಲೀಫಾದ ರೋಸಿನಲ್ಲಿ ಹಾಡಿದವರಿಗೆ

ಅಬು ಹಲೀಫಾ, ಕುವೈತ್
ನವೆಂಬರ್ 1991, ಶುಕ್ರವಾರ ಬೆಳಗ್ಗೆ

ಪ್ರೀತಿಯವರೂ ಮಹಾ ಮೊಂಡರೂ ಆದ ಕೋಲ್ಮನ್‌ಬಾಬ್,

ಈ ಕಾಗದವನ್ನು ಓದಲು ನಿಮಗೆ ಬರುವುದಿಲ್ಲ. ಅದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಷ್ಟು ವರ್ಷ ನಮ್ಮ ನಡುಮನೆಯ ಸೋಫಾದಲ್ಲಿ ಕುಳಿತು ನಿಮ್ಮ ಐರಿಷ್ ಭಾಷೆಯಲ್ಲಿ ಹಾಡಿದಿರಲ್ಲ, ಒಂದೇ ಒಂದು ಸಾಲಿನ ಅರ್ಥವನ್ನಾದರೂ ಇಂಗ್ಲಿಷಿನಲ್ಲಿ ಹೇಳಿದಿರಾ? ಕೇಳಿದಾಗಲೆಲ್ಲ, "ಅರ್ಥ ಹೇಳಿಬಿಟ್ಟರೆ ನೀನು ಹಾಡು ಕೇಳುವುದನ್ನು ನಿಲ್ಲಿಸುತ್ತೀ, ಗರ್ಟ್ರೂಡ್" ಎಂದು ನಕ್ಕುಬಿಡುತ್ತಿದ್ದಿರಿ. ಈಗ ನನ್ನ ಸರದಿ. ಮಗಳು ಮೆಲಿಶಾ ಇದರ ಹಿಂದೆ ಇಂಗ್ಲಿಷಿನಲ್ಲಿ ಸಾರಾಂಶ ಬರೆದು ಅಂಟಿಸುತ್ತಾಳಂತೆ. ಅವಳು ಬೈಗುಳವನ್ನೆಲ್ಲ ತೆಗೆದುಹಾಕುತ್ತಾಳೆ, ನಂಬಬೇಡಿ. ಇಂಗ್ಲಿಷಿನಲ್ಲಿ ನಾನು ಡಾಕ್ಟರುಗಳ ಮುಂದೆ ನಿಂತ ನರ್ಸು, ಬಾಯಿ ತೆರೆದರೆ ಪ್ಲೀಸ್ ಮತ್ತು ಸಾರಿ ಎರಡೇ ಬರುತ್ತವೆ. ಬಾಯಿಯಲ್ಲಿ ಬೈಯಲು ನನಗೆ ನಿಮ್ಮನ್ನು ಗೌರವದಿಂದ ಬಾಬ್ ಎಂದು ಕರೆಯುವ ಅದೇ ಕೊಂಕಣಿ ಬೇಕು, ಬರೆದು ಬೈಯಲು ಮಂಗಳೂರಿನ ಸಿಸ್ಟರುಗಳ ಕಾನ್ವೆಂಟ್ ಶಾಲೆಯಲ್ಲಿ ಕಲಿತ ಕನ್ನಡ ಬೇಕು.

ಬುಧವಾರ ನಿಮ್ಮ ತಂಗಿಯ ಮಗಳು ಊನಾ ಫೋನು ಮಾಡಿದ್ದಳು. ನೀವು ಹಾಡಲು ಶುರುಮಾಡಿ ಐವತ್ತು ವರ್ಷವಾಯಿತೆಂದು ನಿಮ್ಮೂರಿನವರು ಡಿಸೆಂಬರಿನಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರಂತೆ. ಕೇಳಿ ಕುಣಿಯುವಷ್ಟು ಸಂತೋಷವಾಯಿತು. ನಿಮ್ಮ ಕಡೆಯೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೋ ಏನೋ ಎಂದು ಕೇಳಬೇಕೆನ್ನುವಷ್ಟರಲ್ಲಿ ಹುಡುಗಿ ಅಳಲು ಶುರುಮಾಡಿದಳು. ನೀವು ಸಭೆಗೆ ಬರುತ್ತೀರಂತೆ, ಕುರ್ಚಿಯಲ್ಲಿ ಕುಳಿತುಕೊಳ್ಳುತ್ತೀರಂತೆ, ಆದರೆ ಹಾಡುವುದಿಲ್ಲವಂತೆ. ಊರಿಗೆ ಮರಳಿದ ಮೇಲೆ ಒಂದು ಸಾಲನ್ನೂ ಹಾಡಿಲ್ಲವಂತೆ. "ನನ್ನ ಹಾಡಿನಿಂದ ಒಬ್ಬ ಒಳ್ಳೆಯ ಮನುಷ್ಯನ ಕಿವಿ ಹೋಯಿತು. ಇನ್ನು ಮುಗಿಯಿತು" ಎಂದಿರಂತೆ. ಆ ಒಳ್ಳೆಯ ಮನುಷ್ಯ ನನ್ನ ಗಂಡ ಸ್ಯಾಮುವೆಲ್. ಕಿವಿ ಅವರದು. ಅವರನ್ನಾಗಲಿ ನನ್ನನ್ನಾಗಲಿ ಒಂದು ಮಾತು ಕೇಳದೆ ಈ ತೀರ್ಪು ಕೊಡುವ ಅಧಿಕಾರ ನಿಮಗೆ ಯಾರು ಕೊಟ್ಟರು?

ನಿಮ್ಮ ಹಾಡು ನಿಮ್ಮ ಸ್ವಂತದ್ದೆಂದು ತಿಳಿದಿದ್ದೀರಿ, ಅದಕ್ಕೇ ಬಾಗಿಲು ಹಾಕಿ ಬೀಗ ಜಡಿಯಲು ಹೊರಟಿದ್ದೀರಿ. ಅದು ಯಾರದೆಂದು ನೀವೇ ನಮಗೆ ಹೇಳಿದ್ದಿರಿ, ಮರೆತಿದ್ದರೆ ನೆನಪಿಸುತ್ತೇನೆ. ಕಲ್ಲೇ ತುಂಬಿದ ಆ ಕಡಲತೀರದಲ್ಲಿ ನಿಮ್ಮ ದೊಡ್ಡಮ್ಮ ಸಮುದ್ರದ ಪಾಚಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಬಟಾಟೆಯ ಸಾಲುಗಳಿಗೆ ಹಾಕುತ್ತ ಹಾಡುತ್ತಿದ್ದರಂತೆ. ಚಡ್ಡಿ ಹಾಕಿದ ನೀವು ಹಿಂದೆ ಹಿಂದೆ ಹೋಗಿ ಕದ್ದು ಕಲಿತಿರಿ. ಆಕೆ ತಿರುಗಿ ನೋಡಿ, ತಪ್ಪಾಗಿ ಹಾಡಿದ್ದಕ್ಕೆ ಕಿವಿ ಹಿಂಡಿ, ಪೂರ್ತಿ ಹೇಳಿಕೊಟ್ಟರಂತೆ. ಆಮೇಲೆ ಲಂಡನ್ನಿಗೆ ಹೋಗಿ ಕಟ್ಟಡ ಕಟ್ಟಿದಿರಿ. ಸಿಮೆಂಟು ಮೆತ್ತಿದ ಬೂಟಿನಲ್ಲೇ ಶನಿವಾರ ಸಂಜೆ ಪಬ್ಬಿನ ಮೂಲೆಯಲ್ಲಿ ನಿಂತು ಹಾಡಿದರೆ, ನಿಮ್ಮಂತೆಯೇ ಊರು ಬಿಟ್ಟು ಬಂದ ಗಂಡಸರು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರಂತೆ. ರೆಕಾರ್ಡು ಮಾಡುವ ಕಂಪನಿಯವನೊಬ್ಬ ಬಂದು ಜೊತೆಗೊಂದು ಗಿಟಾರು ಇದ್ದರೆ ದೊಡ್ಡ ಹೆಸರು ಬರುತ್ತದೆ ಎಂದಾಗ, "ನನ್ನ ಹಾಡಿನ ಕಾಲು ಗಟ್ಟಿಯಾಗಿದೆ, ಊರುಗೋಲು ಬೇಡ" ಎಂದು ಅವನನ್ನು ಕಳಿಸಿದವರು ನೀವು. ಹೆಸರು ಬರಲಿಲ್ಲ. ಚಿಂತೆಯನ್ನೂ ಮಾಡಲಿಲ್ಲ. ಇಲ್ಲಿಗೆ ಬಂದು ರಿಫೈನರಿಯಲ್ಲಿ ವೆಲ್ಡಿಂಗ್ ಸರಿಯಾಗಿದೆಯೇ ಎಂದು ನೋಡುವ ಕೆಲಸ ಹಿಡಿದಿರಿ. ರಜೆಯಲ್ಲಿ ಊರಿಗೆ ಹೋದಾಗ ಯೂನಿವರ್ಸಿಟಿಯ ಹುಡುಗರು ಟೇಪ್ ರೆಕಾರ್ಡರ್ ಹಿಡಿದು ಮನೆಮುಂದೆ ಕಾಯುತ್ತಿದ್ದರಂತೆ. ಒಂದು ಹಾಡಾದರೂ ಅವರ ಬಾಯಿಗೆ ಬರುವವರೆಗೆ ಯಂತ್ರದ ಗುಂಡಿ ಒತ್ತಬಾರದು ಎಂಬುದು ನಿಮ್ಮ ಕಟ್ಟಳೆ. ಅಹ್ಮದಿಯ ಚರ್ಚಿನ ಗಾಯನ ತಂಡದಲ್ಲಿ ಒಂದೇ ಶುಕ್ರವಾರ ಉಳಿದಿರಿ. ಕೀಬೋರ್ಡು ನಿಮ್ಮ ಹಿಂದೆ ಓಡಿ ಓಡಿ ಸುಸ್ತಾಗಿ ನಿಂತದ್ದು ನನಗೆ ಇನ್ನೂ ನೆನಪಿದೆ.

ಆ ಶುಕ್ರವಾರವೇ ಅಲ್ಲವೇ ಸ್ಯಾಮುವೆಲ್ ನಿಮ್ಮನ್ನು ಊಟಕ್ಕೆ ಕರೆತಂದದ್ದು? ಊಟವಾದ ಮೇಲೆ ನೀವು ಕಣ್ಣು ಮುಚ್ಚಿ ಹಾಡಲು ತೊಡಗಿದಿರಿ. ನಡುವೆ ಬಲಗೈ ಗಾಳಿಯಲ್ಲಿ ತಡಕಾಡಿತು. ನಿಮಗೆ ತಲೆ ಸುತ್ತು ಬಂತೆಂದು ಸ್ಯಾಮುವೆಲ್ ಓಡಿ ಬಂದು ಕೈ ಹಿಡಿದರು. ಹಿಡಿದ ಕೈಯನ್ನು ನೀವು ಬಿಡಲಿಲ್ಲ. ಬೀಸುಕಲ್ಲು ತಿರುಗಿಸುವ ಹಾಗೆ ನಿಧಾನವಾಗಿ ತಿರುಗಿಸುತ್ತ ಹಾಡಿದಿರಿ. ನಮ್ಮವರು ಬಿಡಿಸಿಕೊಳ್ಳಲು ನೋಡಿ, ಆಗದೆ, ಕೊನೆಗೆ ತಾವೂ ತಿರುಗಿಸುತ್ತ ನಿಂತರು. ನಾನು ಸೆರಗು ಕಚ್ಚಿಕೊಂಡು ನಗು ತಡೆದೆ. ಆಮೇಲೆ ನೀವು ಹೇಳಿದಿರಿ: ನಿಮ್ಮೂರಿನಲ್ಲಿ ಹಾಡುವವನ ಕೈಯನ್ನು ಕೇಳುವವನೊಬ್ಬ ಹೀಗೆ ಹಿಡಿದುಕೊಳ್ಳುವುದು ಪದ್ಧತಿ, ಹಾಡುವವನು ಒಬ್ಬಂಟಿಯಾಗಬಾರದು. ಅಂದಿನಿಂದ ಆ ಕೆಲಸ ಸ್ಯಾಮುವೆಲ್‌ರದೇ ಆಯಿತು. ಸಾ ಎಲ್ಲಿ ಪಾ ಎಲ್ಲಿ ತಿಳಿಯದ ಮನುಷ್ಯ, ಚರ್ಚಿನಲ್ಲಿ ಬರೇ ತುಟಿ ಆಡಿಸುವವರು, ನಿಮ್ಮ ಕೈ ಹಿಡಿದು ಹಾಡಿನ ಪಾಲುದಾರರಾದರು.

ಹಾಗಾಗಿ ಕಳೆದ ವರ್ಷ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂದು, ಬಿಳಿಯರೆಲ್ಲ ಹೋಟೆಲಿಗೆ ಬಂದು ಸೇರಬೇಕೆಂದು ಆಜ್ಞೆ ಹೊರಟಾಗ, ನೀವು ಒಂದು ಕೈಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಹೋಟೆಲಿಗೆ ಹೋದವರನ್ನು ಬಸ್ಸಿನಲ್ಲಿ ಬಾಗ್ದಾದಿಗೆ ಒಯ್ಯುತ್ತಿದ್ದಾರೆಂಬ ಸುದ್ದಿ ಆಗಲೇ ಇತ್ತು. ಬಿಳಿಯರನ್ನು ಅಡಗಿಸಿಟ್ಟವರಿಗೆ ನೇಣು ಎಂದು ರೇಡಿಯೋ ಹೇಳುತ್ತಿತ್ತು. ನೀವು ಹೊಸ್ತಿಲಿನಾಚೆಯೇ ನಿಂತು, "ಇಲ್ಲವೆಂದರೆ ನನಗೆ ಬೇಸರವಿಲ್ಲ" ಎಂದಿರಿ. ಸ್ಯಾಮುವೆಲ್ ನನ್ನ ಮುಖವನ್ನೂ ನೋಡಲಿಲ್ಲ. "ಸ್ಟೋರ್ ರೂಮಿನಲ್ಲಿ ಜಾಗ ಉಂಟು. ಅಕ್ಕಿ ಚೀಲ ಸ್ವಲ್ಪ ಆಚೆ ಸರಿಸಿದರೆ ಆಯಿತು" ಎಂದರು. ಮೆಲಿಶಾಳನ್ನು ಮೇಲಿನ ಮನೆಯವರ ಜೊತೆ ಅಮ್ಮಾನ್ ನಗರದ ದಾರಿಯಾಗಿ ಊರಿಗೆ ಕಳಿಸಿದೆವು. ನಾನು ಹೋಗಲಿಲ್ಲ. ವಾರ್ಡಿನಲ್ಲಿ ಉಳಿದಿದ್ದ ನರ್ಸುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಹೇಗೆ ಹೋಗಲಿ?

ಒಂದೇ ಷರತ್ತು ಹಾಕಿದ್ದೆವು, ಸದ್ದು ಮಾಡಬಾರದು. ಬೀದಿಯಾಚೆಯ ಶಾಲೆಯಲ್ಲಿ ಸೈನಿಕರಿದ್ದರು. ನೀವು ಒಪ್ಪಿದಿರಿ. ಆದರೆ ಬಾಯಿ ಮುಚ್ಚಿಸಿದರೂ ಗಂಟಲು ಮುಚ್ಚಿಸಲು ಯಾರಿಂದಾದೀತು? ಸ್ಟೋರ್ ರೂಮಿಗೂ ನಮ್ಮ ಮಲಗುವ ಕೋಣೆಗೂ ನಡುವೆ ಇದ್ದದ್ದು ಒಂದು ಇಟ್ಟಿಗೆಯ ಗೋಡೆ. ಬೆಳಗಾದರೆ ತುಟಿ ಬಿಚ್ಚದೆ ಗುನುಗುತ್ತಿದ್ದಿರಿ, ಅದರಲ್ಲೂ ದೊಡ್ಡಮ್ಮ ಕಲಿಸಿದ ಆ ಉದ್ದದ ಹಾಡು, ಪ್ರತಿ ನುಡಿಯ ಕೊನೆಗೆ ದನಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತದಲ್ಲ, ಅದು. ನಾನು ಕೋಪದಿಂದ ಗೋಡೆ ಬಡಿಯಲು ಹೋದರೆ ಸ್ಯಾಮುವೆಲ್ ನನ್ನ ಕೈ ಹಿಡಿದು, "ಇರಲಿ ಬಿಡು. ಅಷ್ಟೂ ಇಲ್ಲದಿದ್ದರೆ ಆ ಮನುಷ್ಯ ಬದುಕುವುದು ಹೇಗೆ?" ಎನ್ನುತ್ತಿದ್ದರು. ದಿಂಬಿಗೆ ಒರಗಿ ಕೇಳುತ್ತ ಮಲಗಿರುತ್ತಿದ್ದರು.

ಇನ್ನು ಆ ಮಧ್ಯಾಹ್ನದ ಮಾತು. ಅದನ್ನು ನೀವು ತಲೆಯಲ್ಲಿ ತಪ್ಪಾಗಿ ಇಟ್ಟುಕೊಂಡಿದ್ದೀರಿ, ನಾನು ಸರಿಯಾಗಿ ಬರೆಯುತ್ತೇನೆ.

ನನ್ನ ವಾರ್ಡಿನ ಒಲಿಂಡಾಗೂ ಜಹ್ರಾದ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಫ್ರೆಡ್ರಿಕ್‌ಗೂ ಮೊದಲೇ ಗೊತ್ತಾಗಿದ್ದ ಮದುವೆ. ಊರಿಗೆ ಹೋಗಿ ಮಾಡಿಕೊಳ್ಳುವ ಯೋಚನೆ ಇತ್ತು, ಯುದ್ಧ ಬಂತು. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾದರೆ ನಮ್ಮಲ್ಲಿ ಮದುವೆ ಇಲ್ಲ. ಅದಕ್ಕೆ ನವೆಂಬರಿನ ಕೊನೆಯಲ್ಲಿ ಇಲ್ಲೇ ಮಾಡಿಬಿಡುವುದೆಂದಾಯಿತು. ಅವಳ ತಂದೆತಾಯಿಯ ಜಾಗದಲ್ಲಿ ನಾವಿಬ್ಬರು. ಮುನ್ನಾದಿನ ರೋಸ್ ಆಗಲೇಬೇಕು. ಮದುಮಗಳನ್ನು ಕೂರಿಸಿ, ಬಂಧುಗಳೆಲ್ಲ ಒಬ್ಬೊಬ್ಬರಾಗಿ ತಲೆಗೆ ಎಣ್ಣೆ, ಮೈಗೆ ತೆಂಗಿನ ಹಾಲು ಹಚ್ಚಿ ಕನ್ಯಾಜೀವನಕ್ಕೆ ಮಂಗಳ ಹಾಡುವ ಶಾಸ್ತ್ರ. ಸಂಜೆ ಕರ್ಫ್ಯೂ ಇದ್ದದ್ದರಿಂದ ಮಧ್ಯಾಹ್ನವೇ ಇಟ್ಟುಕೊಂಡೆವು. ತೆಂಗಿನಕಾಯಿ ಎಲ್ಲಿಂದ ತರುವುದು? ಡಬ್ಬದ ಒಣ ಕೊಬ್ಬರಿ ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಹಿಂಡಿದೆವು. ಕುಬ್ಬೂಸ್ ಎಂಬ ಅರಬಿ ರೊಟ್ಟಿಯ ವ್ಯಾನು ಓಡಿಸುವ ನಮ್ಮ ಉಳ್ಳಾಲದ ಹಸೈನಾರ್ ರೊಟ್ಟಿಯ ಜೊತೆ ಎಲ್ಲಿಂದಲೋ ಒಂದು ಬಾಟಲಿ ಕೊಬ್ಬರಿ ಎಣ್ಣೆಯನ್ನೂ ತಂದುಕೊಟ್ಟರು. ಎಲ್ಲ ಸಿದ್ಧವಾಯಿತು. ಹಾಡು ಮಾತ್ರ ಇರಲಿಲ್ಲ.

ನಮ್ಮ ವೊವಿಯೊಗಳು, ಅಂದರೆ ರೋಸಿನ ಹಾಡುಗಳು, ಹಾಡುವ ಹಿರಿಯ ಹೆಂಗಸರೆಲ್ಲ ಊರಿಗೆ ಹೋಗಿದ್ದರು. ಅವರಿದ್ದಾಗಲೂ ನಾವು ಎಷ್ಟೋ ಸಲ ಊರಿನಿಂದ ತಂದ ಕ್ಯಾಸೆಟ್ ಹಾಕಿ ಮುಗಿಸುತ್ತಿದ್ದೆವು. ಆ ಟೇಪ್ ರೆಕಾರ್ಡರನ್ನು ಸೈನಿಕರು ಸೆಪ್ಟೆಂಬರಿನಲ್ಲೇ ಹೊತ್ತುಕೊಂಡು ಹೋಗಿದ್ದರು. ನನ್ನ ತಾಯಿ ವೊವಿಯೊ ಹಾಡುವವಳಾಗಿದ್ದಳು, ಸಾಲುಗಳು ನೆನಪಿದ್ದವು. ಶುರುಮಾಡಿದೆ. ಆದರೆ ಹೇಗೆ? ಉಸಿರಿನಲ್ಲಿ, ಪಿಸುಮಾತಿನಲ್ಲಿ. ಕೋಣೆಯಲ್ಲಿದ್ದ ಹೆಂಗಸರೂ ಹಾಗೆಯೇ ಪಿಸುಗುಟ್ಟಿ ಸೊಲ್ಲು ಹಿಡಿದರು. ಒಲಿಂಡಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕಿಟಕಿಗೆಲ್ಲ ಕಂಬಳಿ ಕಟ್ಟಿತ್ತು. ಸಾವಿನ ಮನೆಯಲ್ಲೂ ನಾವು ಅದಕ್ಕಿಂತ ಗಟ್ಟಿಯಾಗಿ ಹಾಡುತ್ತೇವೆ.

ಆಗ ಸ್ಟೋರ್ ರೂಮಿನ ಬಾಗಿಲು ತೆರೆಯಿತು. ನೀವು ಸ್ಯಾಮುವೆಲ್‌ರ ಲುಂಗಿ ಉಟ್ಟು, ಬೆಳೆದ ಗಡ್ಡದಲ್ಲಿ, ಎಲ್ಲರ ನಡುವೆ ಬಂದು ನಿಂತಿರಿ. ಮುಖ ಕೆಂಪಾಗಿತ್ತು. "ಮದುವೆಯ ಹಾಡನ್ನು ಕಳ್ಳಮಾಲು ಮಾರುವ ಹಾಗೆ ಹಾಡುವುದೇ?" ಎಂದಿರಿ. ನನ್ನ ಪಕ್ಕ ನೆಲದ ಮೇಲೆ ಕುಳಿತು, ತೆಂಗಿನ ಹಾಲು ಮೆತ್ತಿದ ನನ್ನ ಕೈ ಹಿಡಿದು, ತಿರುಗಿಸಲು ತೊಡಗಿದಿರಿ.

ಕೋಲ್ಮನ್‌ಬಾಬ್, ನನ್ನ ಗಂಟಲಿನಿಂದ ಆಗ ಬಂದ ದನಿ ನನ್ನದೆಂದು ನನಗೇ ಗೊತ್ತಾಗಲಿಲ್ಲ. ಅಮ್ಮ ಅಂಗಳದ ಚಪ್ಪರದಡಿ ಹಾಡುತ್ತಿದ್ದ ದನಿ ಅದು, ಮೂರು ಮನೆ ಆಚೆಗೆ ಕೇಳುವಂಥದ್ದು. ಪ್ರತಿ ಸುತ್ತಿಗೂ ಅದು ಏರಿತು. ಹೆಂಗಸರು ಸೊಲ್ಲು ಎತ್ತಿದರು. ಒಬ್ಬಳು ಎದ್ದು ಕಿಟಕಿಯ ಕಂಬಳಿ ಕಿತ್ತು ಬಿಸಾಡಿದಳು. ಯಾರೂ ಬೇಡವೆನ್ನಲಿಲ್ಲ. ತಿಂಗಳುಗಟ್ಟಲೆ ಬಗ್ಗಿಸಿಕೊಂಡಿದ್ದ ತಲೆಗಳು ಎದ್ದು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಹಾಡು ಮುಗಿದಾಗ ಒಲಿಂಡಾ, ತಲೆಯಿಂದ ಎಣ್ಣೆ ಇಳಿಯುತ್ತಿದ್ದವಳು, ನಿಮ್ಮ ಕಡೆ ತಿರುಗಿ, "ಅಂಕಲ್, ನನಗೆ ನಿಮ್ಮದೂ ಒಂದು ಬೇಕು" ಎಂದಳು. ನೀವು ಸ್ಯಾಮುವೆಲ್‌ರ ಮುಖ ನೋಡಿದಿರಿ. ಅವರು ಬಂದು ಕೈ ಕೊಟ್ಟರು. ನೆನಪಿಟ್ಟುಕೊಳ್ಳಿ, ಅವರಾಗಿಯೇ ಬಂದು ಕೊಟ್ಟರು. ಆ ಉದ್ದದ ಹಾಡನ್ನು ನೀವು ಮೊದಲಿನಿಂದ ಕೊನೆಯವರೆಗೆ ಪೂರ್ತಿ ಗಂಟಲಿನಲ್ಲಿ ಹಾಡಿದಿರಿ.

ಮುಗಿಯುವ ಹೊತ್ತಿಗೆ ಹಸೈನಾರ್ ಕೆಳಗಿನಿಂದ ಓಡಿ ಬಂದರು. "ಎಂತ ಬಾಯಮ್ಮ, ರೋಡಿಗೆ ಕೇಳ್ತದೆ! ಶಾಲೆಯ ಹತ್ತಿರ ಇಬ್ಬರು ನಿಂತು ಈ ಕಡೆಯೇ ನೋಡ್ತಾ ಇದ್ದಾರೆ. ಯಲ್ಲಾ, ಇವರನ್ನು ಈಗಲೇ ಕಳಿಸಿ. ಹೆದರುದು ಎಂತಕ್ಕೆ, ನನ್ನ ಗಾಡಿ ಉಂಟಲ್ಲ" ಎಂದರು. ನಿಮ್ಮನ್ನು ರೊಟ್ಟಿಯ ಕ್ರೇಟುಗಳ ಹಿಂದೆ ಮಲಗಿಸಿ ಮಿರ್ಕಾಬಿನ ತಮ್ಮ ಭಾವನ ಅಂಗಡಿಯ ಮಾಳಿಗೆಗೆ ಮುಟ್ಟಿಸಿದರು. ನಿಮ್ಮ ಮೈಗೆಲ್ಲ ಕೊಬ್ಬರಿ ಎಣ್ಣೆಯ ವಾಸನೆ ಇತ್ತೆಂದು ಆಮೇಲೆ ಎಷ್ಟೋ ದಿನ ಹೇಳಿ ನಗುತ್ತಿದ್ದರು.

ಸೈನಿಕರು ಮರುದಿನ ಬೆಳಗ್ಗೆ ಬಂದರು. ಸ್ಯಾಮುವೆಲ್ ಮದುವೆಗೆಂದು ಟೈ ಕಟ್ಟುತ್ತಿದ್ದರು. ಸ್ಟೋರ್ ರೂಮಿನ ಹಾಸಿಗೆ ನೋಡಿ ಯಾರದೆಂದು ಕೇಳಿದರೆ, "ನನ್ನದೇ. ಗೊರಕೆ ಹೊಡೆಯುತ್ತೇನೆಂದು ಹೆಂಡತಿ ಹೊರಗೆ ಹಾಕಿದ್ದಾಳೆ" ಎಂದರು. ನಂಬಲಿಲ್ಲ. ಹಿಂದಿನ ದಿನ ಇಂಗ್ಲಿಷಿನವನೊಬ್ಬ ಹಾಡಿದ್ದನ್ನು ಕೇಳಿದವರಿದ್ದಾರೆಂದು ಅವರನ್ನು ಎಳೆದುಕೊಂಡು ಹೋದರು. ಮೆಟ್ಟಿಲಿನಿಂದ ಸ್ಯಾಮುವೆಲ್ ಕೂಗಿ ಹೇಳಿದ್ದು ಒಂದೇ ಮಾತು, "ಮದುವೆ ನಿಲ್ಲಬಾರದು, ಗರ್ಟಿ." ನಿಲ್ಲಲಿಲ್ಲ. ಚರ್ಚಿನಲ್ಲಿ ಒಲಿಂಡಾಳ ಕೈ ಹಿಡಿದು ನಾನೇ ನಡೆಸಿಕೊಂಡು ಹೋದೆ. ತಲೆ ಬಗ್ಗಿಸಲಿಲ್ಲ.

ಕೆಲವು ದಿನಗಳ ಮೇಲೆ ಅವರನ್ನು ಬಿಟ್ಟರು. ಎಡಗಿವಿಯಿಂದ ಕೀವು ಸೋರುತ್ತಿತ್ತು, ತಮಟೆ ಹರಿದಿತ್ತು. ಡಿಸೆಂಬರಿನಲ್ಲಿ ಬಿಳಿಯರನ್ನೆಲ್ಲ ಬಿಡುಗಡೆ ಮಾಡಿದಾಗ ನೀವು ವಿಮಾನಕ್ಕೆ ಹೋಗುವ ಮುಂಚೆ ನಮ್ಮಲ್ಲಿಗೆ ಬಂದಿರಿ. ಸ್ಯಾಮುವೆಲ್‌ರ ಬ್ಯಾಂಡೇಜು ನೋಡಿದಿರಿ. ಒಂದೂ ಮಾತಾಡದೆ ಅವರ ಹಣೆಗೆ ಮುತ್ತಿಟ್ಟು ಹೊರಟುಹೋದಿರಿ. ಆ ಮೌನವನ್ನು ನಾನು ಪ್ರೀತಿ ಎಂದುಕೊಂಡೆ. ನೀವು ಅದರೊಳಗೆ ನಿಮ್ಮ ಹಾಡಿಗೆ ಗುಂಡಿ ತೋಡುತ್ತಿದ್ದೀರೆಂದು ಗೊತ್ತಾಗಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ.

ಹೊಡೆದವನು ಬಂದೂಕು ಹಿಡಿದವನು. ಪಾಪ ಅವನದು. ಅವನ ಪಾಪವನ್ನು ತಂದು ನಿಮ್ಮ ಗಂಟಲಿಗೆ ಕಟ್ಟಿಕೊಳ್ಳಲು ನಾನು ಬಿಡುವುದಿಲ್ಲ. ಹಾಡಿದ್ದು ನೀವೊಬ್ಬರೇ ಅಲ್ಲ, ನಾನೂ ಹಾಡಿದೆ. ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ನಾಳೆ ಮತ್ತೆ ಅಂಥದೇ ದಿನ ಬಂದರೆ ಮತ್ತೆ ಕಿಟಕಿ ತೆರೆದೇ ಹಾಡುತ್ತೇನೆ.

ಇಷ್ಟನ್ನೇ ಬರೆದು ಮುಗಿಸುತ್ತಿದ್ದೆ. ಆದರೆ ಬುಧವಾರ ಫೋನು ಇಟ್ಟು ಊನಾಳ ಮಾತನ್ನು ಹೇಳಿದಾಗ ಸ್ಯಾಮುವೆಲ್ ಅಡಿಗೆಮನೆಯಲ್ಲಿ ಮೀನು ಸ್ವಚ್ಛ ಮಾಡುತ್ತಿದ್ದರು. ಬಲಗಿವಿಯ ಹತ್ತಿರ ಬಂದು ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಚೂರಿಯನ್ನು ಸಿಂಕಿಗೆ ಎಸೆದು, "ಹುಚ್ಚ ಮನುಷ್ಯ!" ಎಂದು ಕೂಗಿದರು. ಆಮೇಲೆ, ಒಂದು ವರ್ಷ ನನಗೂ ಹೇಳದಿದ್ದದ್ದನ್ನು ಹೇಳಿದರು.

ಕಿವಿಗೆ ಹೊಡೆತ ಬಿದ್ದದ್ದು ಮೊದಲ ದಿನವೇ. ಇಂಗ್ಲಿಷಿನವನೆಲ್ಲಿ ಎಂದು ಕೇಳಿ ಕೇಳಿ ಹೊಡೆದಿದ್ದಾರೆ. ಇವರು ತಮ್ಮ ಆಫೀಸಿನ ಅರಬಿಯಲ್ಲಿ ಒಂದೇ ಉತ್ತರ ಕೊಟ್ಟಿದ್ದಾರೆ: ಇಂಗ್ಲಿಷಿನವನೂ ಇಲ್ಲ, ಯಾರೂ ಇಲ್ಲ, ಅದು ನಮ್ಮ ಜನರ ಮದುವೆಯ ಹಾಡು, ಹಾಡಿದ್ದು ನಾನೇ. ಕೊನೆಗೊಬ್ಬ ಅಧಿಕಾರಿ ಬಂದು ಕುರ್ಚಿ ಎಳೆದು ಕುಳಿತು, "ಹಾಗಾದರೆ ಹಾಡು, ಕೇಳೋಣ" ಎಂದನಂತೆ. ಜನ್ಮದಲ್ಲಿ ಒಂದು ಸಾಲು ಹಾಡದ ನನ್ನ ಗಂಡ ಕಣ್ಣು ಮುಚ್ಚಿ ನಿಮ್ಮ ಆ ಉದ್ದದ ಹಾಡನ್ನು ಹಾಡಿದರು, ಕೋಲ್ಮನ್‌ಬಾಬ್. ಗೋಡೆಯಾಚೆಯಿಂದ ನೂರು ಬೆಳಗು ಕೇಳಿದ ರಾಗವನ್ನು, ನಿಮ್ಮ ಕೈ ಹಿಡಿದು ವರ್ಷಗಟ್ಟಲೆ ಕೇಳಿದ, ಅರ್ಥ ತಿಳಿಯದ ಆ ಪದಗಳನ್ನು, ಬಾಯಿಗೆ ಬಂದಂತೆ, ಒಂದು ನುಡಿಯನ್ನೂ ಬಿಡದೆ. ಮೊನ್ನೆ ಕೇಳಿದ ಸೈನಿಕನೊಬ್ಬ ಪಕ್ಕದಲ್ಲೇ ಇದ್ದನಂತೆ. ರಾಗ ಅದೇ, ಆದರೆ ಮೊನ್ನೆ ಬಹಳ ಚೆನ್ನಾಗಿತ್ತು ಎಂದನಂತೆ. ಅದಕ್ಕೆ ಸ್ಯಾಮುವೆಲ್, "ಮೊನ್ನೆ ನನಗೆ ಎರಡು ಕಿವಿ ಇದ್ದವು" ಎಂದರಂತೆ. ಅಧಿಕಾರಿ, ಇದನ್ನು ಹೆಣ್ಣಿಗಾಗಿ ಹಾಡುವುದೋ ಗಂಡಿಗಾಗಿಯೋ ಎಂದು ಕೇಳಿದನಂತೆ. ಇಬ್ಬರಿಗೂ ಎಂದರಂತೆ. ಮರುದಿನ ಬಿಟ್ಟರು.

ಇದನ್ನೇಕೆ ಹೇಳಲಿಲ್ಲ ಎಂದು ನಾನು ಅತ್ತು ಕೇಳಿದರೆ, "ನಾನು ಹಾಡಿದೆ ಅಂದರೆ ಇಡೀ ಪ್ಯಾರಿಷ್ ನಗುತ್ತಿರಲಿಲ್ಲವಾ?" ಎನ್ನುತ್ತಾರೆ. ಕಿವಿ ತೆಗೆದದ್ದು ನಿಮ್ಮ ಹಾಡಲ್ಲ. ಕಿವಿ ಹೋದ ಮೇಲೆ ಮನುಷ್ಯನನ್ನು ನನಗೆ ಮರಳಿ ತಂದುಕೊಟ್ಟದ್ದು ನಿಮ್ಮ ಹಾಡು. ಗಂಡ ಬದುಕಿ ಬಂದ ಹೆಂಗಸು ನಾನು ಹೇಳುತ್ತಿದ್ದೇನೆ, ಅದನ್ನು ನಿಲ್ಲಿಸಲು ನಿಮಗೆ ಹಕ್ಕಿಲ್ಲ.

ಈಗ ಮುಂದಿನ ಮಾತು. ಸನ್ಮಾನದ ದಿನ ಊನಾ ಸಭೆಯಿಂದಲೇ ಇಲ್ಲಿಗೆ ಫೋನು ಮಾಡುತ್ತಾಳೆ. ನೀವು ಎದ್ದು ಹಾಡಿದರೆ ಸ್ಯಾಮುವೆಲ್ ರಿಸೀವರನ್ನು ಬಲಗಿವಿಗಿಟ್ಟು ಕೇಳುತ್ತಾರೆ. ನೀವು ಹಾಡದೆ ಕುಳಿತರೆ ಊನಾ ಆ ಫೋನನ್ನು ಮೈಕಿನ ಮುಂದೆ ಹಿಡಿಯಬೇಕು, ಮಾತಾಗಿದೆ. ಆಗ ಇಲ್ಲಿಂದ ಸ್ಯಾಮುವೆಲ್ ಹಾಡುತ್ತಾರೆ, ಅಧಿಕಾರಿಯ ಮುಂದೆ ಹಾಡಿದ ಹಾಗೆಯೇ, ಪೂರ್ತಿ. ನಿಮ್ಮ ಊರಿನವರೆಲ್ಲ ಕೇಳಲಿ. ನಿಮ್ಮ ದೊಡ್ಡಮ್ಮನ ಹಾಡಿಗೆ ಈ ಭೂಮಿಯ ಮೇಲೆ ಇನ್ನು ಉಳಿದಿರುವ ಗಂಟಲು ಮಂಗಳೂರಿನ ಇದೊಂದೇ ಎಂದು ಅವರಿಗೆ ಗೊತ್ತಾಗಲಿ.

ದೇವರು ನಿಮಗೆ ಆಯುಸ್ಸನ್ನೂ, ನಿಮ್ಮ ಗಂಟಲಿಗೆ ಬಲವನ್ನೂ, ತಲೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ನಿಮ್ಮ ಮೇಲೆ ಕೋಪ ಇಳಿಯದ, ಇಳಿಸಿಕೊಳ್ಳಲು ಒಂದು ಹಾಡಿಗಾಗಿ ಕಾಯುವ,
ಗರ್ಟ್ರೂಡ್